ಸಿಗ್ನಲ್ ಭಾವ

ಮಲೆನಾಡಿನಲ್ಲಿ ಬಾವಿ ತೋಡಿಸುವ ಮೊದಲು ನೀರು ನೋಡುವವರನ್ನು ಕರೆಸುವುದುಂಟು. ಅವರು ಕವಲುಕಡ್ಡಿ ಹಿಡಿದು ತೋಟವೆಲ್ಲ ಸುತ್ತಿ, ಕಡ್ಡಿ ಬಾಗಿದಲ್ಲಿ ಒಂದು ಕಲ್ಲು ಇಡಿಸಿ, ಕಾಫಿ ಕುಡಿದು ಹೋಗುತ್ತಾರೆ. ಈಗ ಅದೇ ಗತ್ತಿನಲ್ಲಿ ಅಂಗಳದಲ್ಲಿ ಓಡಾಡುವ ಇನ್ನೊಂದು ಪಂಗಡ ಹುಟ್ಟಿಕೊಂಡಿದೆ. ಕಡ್ಡಿಯ ಜಾಗದಲ್ಲಿ ಮೊಬೈಲು, ಅಷ್ಟೇ. ಮನೆಗೆ ಯಾವ ನೆಟ್ಟು ಹಾಕಿಸಬೇಕು, ಪ್ರವಾಸಕ್ಕೆ ಯಾವ ಸಿಮ್ಮು ಒಯ್ಯಬೇಕು ಎಂಬುದನ್ನು ಇವರು ಕೇಳಿದವರಿಗೆ ಹೇಳುತ್ತಾರೆ, ಕೇಳದವರಿಗೆ ವಿವರವಾಗಿ ಹೇಳುತ್ತಾರೆ. ಕುಟುಂಬಕ್ಕೊಬ್ಬರಾದರೂ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಅಕ್ಕನ ಗಂಡ.

ಭಾವ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಜೇಬಿನಲ್ಲಿ ಎರಡು ಫೋನು, ಪರ್ಸಿನಲ್ಲಿ ಕಾಗದದಲ್ಲಿ ಸುತ್ತಿಟ್ಟ ಹಳೆಯ ಸಿಮ್ಮುಗಳು, ಅವನ್ನು ಹೊರತೆಗೆಯಲು ಒಂದು ಸೇಫ್ಟಿ ಪಿನ್ನು. ಯಾರ ಮನೆಗೆ ಹೋದರೂ ಕೈಕಾಲು ತೊಳೆಯುವ ಮೊದಲು ಸ್ಪೀಡ್ ಟೆಸ್ಟು. ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಹುಡುಕಿದರೆ ಛತ್ರದ ಹಿಂದಿನ ನೀರಿನ ಟ್ಯಾಂಕಿನ ಮೇಲೆ ಸಿಗುತ್ತಾರೆ.

ಇಂಟರ್‌ನೆಟ್ಟಿನ ಇತಿಹಾಸ ಅವರ ಬಾಯಲ್ಲಿ ಕುಲಪುರಾಣದ ಹಾಗೆ ಹರಿಯುತ್ತದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿದ್ದರಿಂದ ಶುರು. 2004ರ ನೀತಿಯಲ್ಲಿ ಸರ್ಕಾರ 256 ಕೆಬಿಪಿಎಸ್‌ಗೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟದ್ದಕ್ಕೆ ಅವರಿಗೆ ಇನ್ನೂ ಸಿಟ್ಟಿದೆ. 2023ರಲ್ಲಿ ಆ ಗೆರೆಯನ್ನು 2 ಎಂಬಿಪಿಎಸ್‌ಗೆ ಏರಿಸಿದಾಗ ತಾವೇ ಕೇಸು ಗೆದ್ದಂತೆ ಫೋನು ಮಾಡಿದ್ದರು. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಒಂದು ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲದ ಕಾಲವೊಂದಿತ್ತು. ಆಗ ಭಾವ ಅಲಾರಂ ಇಟ್ಟು ಎದ್ದು ಯಕ್ಷಗಾನದ ವೀಡಿಯೋ ಇಳಿಸುತ್ತಿದ್ದರು. ಕತ್ತಲಲ್ಲಿ ಓಡಾಟ ಕೇಳಿ ಅಕ್ಕ ಕಳ್ಳ ಬಂದನೆಂದು ಒನಕೆ ಹಿಡಿದು ಬಂದದ್ದೂ ಉಂಟು. ತಾಮ್ರದ ತಂತಿಯಲ್ಲಿ ಸಿಡಿಲು ಬಂದು ಮೋಡೆಮ್ ಸುಡುತ್ತಿದ್ದ ದಿನಗಳವು. ಮೇ ತಿಂಗಳಲ್ಲಿ ಆಕಾಶ ಗುಡುಗಿದರೆ ಭಾವ ಮೊದಲು ಓಡುತ್ತಿದ್ದುದು ಮೋಡೆಮ್ಮಿನ ವೈರು ಕೀಳಲು. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳ ಆಮೇಲೆ. ಆ ನೆನೆದ ಹಪ್ಪಳದ ಲೆಕ್ಕ ಅಕ್ಕನ ಹತ್ತಿರ ಭದ್ರವಾಗಿದೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ‘ತಡಿ’.

ನಮ್ಮ ಮನೆಗೆ ನೆಟ್ಟು ಬೇಕೆಂದು ತೀರ್ಮಾನವಾದಾಗ ಭಾವನನ್ನು ನಾವು ಕರೆದಿರಲಿಲ್ಲ. ಆದರೂ ಬೆಳಗಿನ ಬಸ್ಸಿಗೇ ಬಂದಿಳಿದರು. ಅಟ್ಟ ಹತ್ತಿದರು, ಕೊಟ್ಟಿಗೆಯ ಮಾಡು ಹತ್ತಿದರು, ತೋಟದ ಅಂಚಿನ ದಿಬ್ಬದಲ್ಲಿ ಕೈ ಎತ್ತಿ ನಿಂತರು. ಬಳಿಕ ಜಗಲಿಯಲ್ಲಿ ಕೂತು ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಕೋಷ್ಟಕ ಬರೆದರು. ಫೈಬರ್, ಗೋಡೆಗೆ ಹಾಕುವ 5ಜಿ ಡಬ್ಬಿ, ಸಿಮ್ಮಿನ ಹಾಟ್‌ಸ್ಪಾಟು. ತಿಂಗಳ ಬಾಡಿಗೆ, ಇನ್‌ಸ್ಟಾಲೇಷನ್ನು, ಜಿಎಸ್‌ಟಿ. ಅನ್‌ಲಿಮಿಟೆಡ್ ಎಂದ ಪ್ಲಾನಿನಲ್ಲೂ ಎಷ್ಟು ಜಿಬಿ ದಾಟಿದ ಮೇಲೆ ಸ್ಪೀಡು ಇಳಿಸುತ್ತಾರೆ ಎಂಬುದಕ್ಕೆ ಕೆಂಪು ಶಾಯಿ. ಅಮ್ಮ ಅಡಿಕೆ ಸುಲಿಯುತ್ತ ಕೇಳುತ್ತಿದ್ದಳು.

‘ನೂರು ಎಂಬಿಪಿಎಸ್ ಅಂದ್ರೆ ನೂರು ಎಂಬಿ ಅಲ್ಲ ಅತ್ತೆ. ಎಂಟರಿಂದ ಭಾಗಿಸಬೇಕು. ಸೆಕೆಂಡಿಗೆ ಹನ್ನೆರಡೂವರೆ ಬಂದ್ರೆ ಪುಣ್ಯ.’

‘ನೂರು ಅಂತ ದುಡ್ಡು ತಗೊಂಡು ಹನ್ನೆರಡೂವರೆ ಕೊಡ್ತಾರಾ?’ ಅಮ್ಮ ಮೆಟ್ಟುಗತ್ತಿಯಿಂದ ಕೈ ತೆಗೆದಳು. ‘ಹಾಗಾದ್ರೆ ಬ್ಯಾಡ. ಇಷ್ಟು ದಿನ ಇಲ್ದೆ ಬದುಕಿಲ್ವಾ?’

ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಇನ್ನೇನು ಫೈಬರ್ ಎಂದು ನಿಶ್ಚಯವಾಗಬೇಕು, ಭಾವ ಮಜ್ಜಿಗೆ ಸುರಿದುಕೊಂಡು ಹೇಳಿದರು: ‘ಒಂದು ತಿಂಗಳು ತಡಿಯೋ ಮಾರಾಯ. ಹೊಸ ಪ್ಲಾನ್ ಬರ್ತದೆ ಅಂತ ಸುದ್ದಿ.’ ತಡೆದೆವು. ಪ್ಲಾನು ಬಂತು, ಅದರ ಹಿಂದೆಯೇ ಎದುರುಗುಡ್ಡಕ್ಕೆ ಟವರು ಬರುತ್ತದೆಂಬ ಸುದ್ದಿ ಬಂತು. ‘ಸ್ವಲ್ಪ ತಡಿ.’ ಟವರಿನ ಕಬ್ಬಿಣ ಬಂತು, ಕರೆಂಟು ಬರಲಿಲ್ಲ. ‘ತಡಿ.’ ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಯಾವ ಕೋಷ್ಟಕವನ್ನೂ ಬರೆಯದೆ ಕೇಬಲ್‌ನವನಿಗೆ ಒಂದು ಫೋನು ಮಾಡಿ, ಸಂಜೆಗೆ ಕ್ರಿಕೆಟ್ಟು ನೋಡುತ್ತಿದ್ದ.

ಕಡೆಗೂ ನಾವು ಅದೇ ಕೇಬಲ್‌ನವನನ್ನು ಕರೆಸಿದೆವು. ಭಾವನಿಗೆ ಗೊತ್ತಾಗದಂತೆ ಮಾಡಿದ ಕೆಲಸ, ಆದರೆ ಹುಡುಗ ಕಂಬ ಹತ್ತುವಷ್ಟರಲ್ಲಿ ಭಾವ ಟಾರ್ಚು ಹಿಡಿದು ಕೆಳಗೆ ನಿಂತಿದ್ದರು. ಹುಡುಗ ವೈರಿನ ಕಪ್ಪು ಸಿಪ್ಪೆ ತೆಗೆದು, ಒಳಗಿನ ಕೂದಲೆಳೆಯಂಥ ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿ ಕತ್ತರಿಸಿ ಮಿಷನ್ನಿನಲ್ಲಿಟ್ಟ. ಪುಟ್ಟ ಪರದೆಯಲ್ಲಿ ಎರಡು ತುದಿಗಳು ಎದುರುಬದುರಾಗಿ ಬಂದು, ಚಿಟಿಕೆ ಬೆಳಕು ಮಿಂಚಿ, ಒಂದಾದವು. ಭಾವ ಉಸಿರು ಬಿಗಿಹಿಡಿದಿದ್ದರು. ‘ಪವರ್ ನೋಡು, ಮೈನಸ್ ಇಪ್ಪತ್ತೇಳು ದಾಟ್ಬಾರ್ದು’ ಎಂದರು. ಹುಡುಗ ಮೀಟರು ತೋರಿಸಿದ: ಮೈನಸ್ 21. ಒಂದು ತಿಂಗಳು ತಡಿ ಎನ್ನಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ಕೊರತೆಯನ್ನು ರೌಟರ್ ಇಡುವ ಜಾಗದಲ್ಲಿ ತೀರಿಸಿಕೊಂಡರು. ನಮ್ಮದು ದಪ್ಪ ಮಣ್ಣುಗೋಡೆಯ ಮನೆ. 5 ಗಿಗಾಹರ್ಟ್ಸ್ ಗೋಡೆ ದಾಟಲು ಒದ್ದಾಡುತ್ತದೆ, 2.4 ನಿಧಾನ ಆದರೂ ದೂರ ಹೋಗುತ್ತದೆ, ಹಾಗಾಗಿ ರೌಟರ್ ಮನೆಯ ನಟ್ಟನಡುವೆ ಎತ್ತರದಲ್ಲಿರಬೇಕು. ನಮ್ಮ ಮನೆಯ ನಟ್ಟನಡುವೆ ಇರುವುದು ದೇವರ ಕೋಣೆ. ಈಗ ಗಣಪತಿಯ ಪಟದ ಮೇಲೆ ಹಸಿರು ದೀಪ ಮಿಣುಕುತ್ತದೆ. ಮಂಗಳಾರತಿ ಅಲ್ಲಿವರೆಗೂ ಏರಿ ಇಳಿಯುತ್ತದೆ.

ಸಿಟ್ಟು ಬರುವುದು ಅವರ ಮಾತು ತಪ್ಪಾದಾಗಲ್ಲ, ಸರಿಯಾದಾಗ. ನಾವು ಕಾಶ್ಮೀರಕ್ಕೆ ಹೊರಟಾಗ ‘ಹೊರಗಿನ ರಾಜ್ಯದ ಪ್ರಿಪೇಯ್ಡ್ ಅಲ್ಲಿ ನಡೆಯೋದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸ್ಕೋ’ ಎಂದು ಬೆನ್ನುಬಿದ್ದರು. ಕಾಟ ತಡೆಯದೆ ಮಾಡಿಸಿಕೊಂಡೆ. ಜಮ್ಮುವಿನಲ್ಲಿ ರೈಲಿಳಿದರೆ ಟೂರಿನವರ ಫೋನೆಲ್ಲ ಸತ್ತು ಮಲಗಿವೆ, ನನ್ನದೊಂದೇ ಜೀವಂತ. ಶ್ರೀನಗರದ ದಾರಿಯುದ್ದಕ್ಕೂ ಬಸ್ಸಿನವರಿಗೆ ಹಾಟ್‌ಸ್ಪಾಟ್ ಹಂಚಿದ್ದೇ ಹಂಚಿದ್ದು. ‘ನೋಡಿ, ಇದರಲ್ಲಿ ಏನಾಗ್ತದೆ ಅಂದ್ರೆ...’ ಎಂದು ಹಿಂದಿನ ಸೀಟಿನವರಿಗೆ ನಾನು ವಿವರಿಸುತ್ತಿರುವಾಗ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟ ಅಕ್ಕ ಭಾವನನ್ನು ನೋಡುವ ನೋಟ.

ಅವರನ್ನು ಪೂರ್ತಿ ಬೈಯಲೂ ಆಗದು. 2020ರ ಮಳೆಗಾಲದಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಅವರ ಊರಿನ ಯಾವ ಮನೆಯೊಳಗೂ ಸಿಗ್ನಲ್ಲಿರಲಿಲ್ಲ. ಹಿಂದಿನ ಗುಡ್ಡದಲ್ಲಿ ಎಲ್ಲಿ ನಿಂತರೆ ಯಾವ ಸಿಮ್ಮು ಹಿಡಿಯುತ್ತದೆಂಬುದು ಭಾವನೊಬ್ಬರಿಗೇ ಗೊತ್ತು. ತೋಟದ ಟಾರ್ಪಾಲು ಒಯ್ದು ಕಟ್ಟಿದರು. ಮಕ್ಕಳ ಕಾಲಿಗೆ ಹತ್ತುವ ಇಂಬಳಕ್ಕೆಂದು ತಂದ ಸುಣ್ಣದಲ್ಲೇ ಬಂಡೆಯ ಮೇಲೆ ಗುರುತು ಮಾಡಿದರು: ಇಲ್ಲಿ ಇಂಥ ಸಿಮ್ಮು, ಅಲ್ಲಿ ಇಂಥದ್ದು. ಪಾಠ ಮುಗಿಯುವವರೆಗೆ ಕೊಡೆ ಹಿಡಿದು ಕಾಯುತ್ತಿದ್ದರು. ಆಗ ಒಬ್ಬರಿಗೂ ಅವರು ‘ತಡಿ’ ಎನ್ನಲಿಲ್ಲ.

ಇಷ್ಟೆಲ್ಲ ಮಾಡುವವರ ಸ್ವಂತ ಮನೆಯಲ್ಲಿ ಮಾತ್ರ, ಆ ತಾಮ್ರದ ತಂತಿಯ ದಿನಗಳು ಮುಗಿದ ಮೇಲೆ, ಇವತ್ತಿಗೂ ಕನೆಕ್ಷನ್ನಿಲ್ಲ. ಊರಿಗೆ ಫೈಬರ್ ಬಂದು ಅವರ ಗೇಟಿನ ಮುಂದಿನ ಕಂಬದಲ್ಲೇ ಸುರುಳಿ ಸುತ್ತಿ ನಿಂತಿದೆ. ಅವರು ಇನ್ನೂ ತುಲನೆ ಮಾಡುತ್ತಲೇ ಇದ್ದಾರೆ. ‘ಹೇಳಿ ಒಂದು ಹಾಕಿಸಬಾರದೇನೇ?’ ಎಂದು ಅಕ್ಕನನ್ನು ಕೇಳಿದೆ. ಹಪ್ಪಳದ ಸಿಟ್ಟು ಹೊರಬಂದೀತು ಎಂದುಕೊಂಡಿದ್ದೆ.

‘ಭಾನುವಾರ ಮಗ ನ್ಯೂಜೆರ್ಸಿಯಿಂದ ಫೋನ್ ಮಾಡ್ತಾನಲ್ಲ’ ಎಂದಳು. ‘ಊಟ ಆಯ್ತಾ, ಮಳೆ ಹೇಗಿದೆ, ಅಷ್ಟಕ್ಕೇ ಮುಗೀತಿತ್ತು. ಈಗ ಯಾವ ನೆಟ್ಟು ಹಾಕಿಸ್ಲಿ ಅಂತ ಇವರು ಕೇಳ್ತಾರೆ, ಅವ ಹೇಳ್ತಾನೆ, ಇವರು ಒಪ್ಪೋದಿಲ್ಲ. ಅರ್ಧ ಗಂಟೆ ಜಗಳ. ಹಾಕಿಸಿಬಿಟ್ರೆ ಆಮೇಲೆ ಏನು ಮಾತಾಡ್ತಾರೆ?’

ಒಳಕೋಣೆಯಿಂದ ಭಾವನ ದನಿ ಬರುತ್ತಿತ್ತು. ಮಗನಿಗೆ ಅಲ್ಲಿನ ಕೇಬಲ್ ಕನೆಕ್ಷನ್ ಬಿಡಿಸಿ ಫೈಬರ್ ಹಾಕಿಸುವ ಸಲಹೆ. ಅಪ್‌ಲೋಡು ಚೆನ್ನಾಗಿರುತ್ತದಂತೆ, ಮೊಮ್ಮಗಳ ಮುಖ ಮಸುಕಾಗುವುದಿಲ್ಲವಂತೆ.

ಮೊನ್ನೆ ಗಾಳಿಗೆ ಮರ ಬಿದ್ದು ನಮ್ಮ ಫೈಬರ್ ತುಂಡಾಯಿತು. ರೌಟರಿನಲ್ಲಿ ಕೆಂಪು ದೀಪ. ಭಾವನ ಫೋನು ಆ ಸಂಜೆಯೇ ಬಂತು: ಬ್ಯಾಕಪ್ ಬೇಕು, ಮುಂದಿನದೆಲ್ಲ ಉಪಗ್ರಹದ್ದೇ. ಹಳೆಯ ಥರದ್ದು 36,000 ಕಿಲೋಮೀಟರು ಮೇಲಿತ್ತು, ಮಾತು ಹೋಗಿ ಬರುವಷ್ಟರಲ್ಲಿ ತಡವಾಗುತ್ತಿತ್ತು. ಸ್ಟಾರ್‌ಲಿಂಕಿನದು ಬರೀ 550ರ ಆಸುಪಾಸು. ಸದ್ಯಕ್ಕೆ ತಡಿ, ಆದರೆ ಜಾಗ ನೋಡಿಡೋಣ. ಡಿಶ್ಶಿಗೆ ಆಕಾಶ ಬಯಲಾಗಿ ಕಾಣಬೇಕು, ಅಂಗಳಕ್ಕೆ ಎಷ್ಟು ಅಡಿಕೆಮರ ಅಡ್ಡ ಬರುತ್ತವೆ ಎಂದು ಎಣಿಸಿಡು, ಭಾನುವಾರದ ಫೋನು ಮುಗಿಸಿಕೊಂಡು ಬರುತ್ತೇನೆ ಎಂದಿದ್ದಾರೆ.

ಅಮ್ಮ ಆಗಲೇ ಕೊಡಲಿ ಬಚ್ಚಿಟ್ಟಾಗಿದೆ.