ತೊಂಬತ್ತು ಅಂಕಿಗಳ ಮೀಮಾಂಸೆ

ಹೌಸಿ ಜೂಜೋ ಅಲ್ಲವೋ ಎಂಬ ಪ್ರಶ್ನೆಗೆ ಸಲ್ಲಬೇಕಾದ ವಿದ್ವತ್ ಗೌರವ ಇನ್ನೂ ಸಂದಿಲ್ಲ. ಪಗಡೆಗೆ ಮಹಾಭಾರತದ ಬೆಂಬಲವಿದೆ, ಚದುರಂಗಕ್ಕೆ ರಾಜಾಶ್ರಯವಿತ್ತು. ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ, ಕ್ಲಬ್ಬಿನ ಹೊಸವರ್ಷದ ರಾತ್ರಿಯಲ್ಲಿ, ಊಟಕ್ಕೆ ಮೊದಲು ಜನ ಎದ್ದು ಹೋಗದಂತೆ ಕಟ್ಟಿಹಾಕುವ ಈ ಆಟಕ್ಕೆ ಮಾತ್ರ ಸೂತ್ರವೂ ಇಲ್ಲ, ಭಾಷ್ಯವೂ ಇಲ್ಲ. ಆ ಕೊರತೆ ನೀಗುವಷ್ಟು ಬಿಡುವು ಈ ಲೇಖಕನಿಗಿದೆ.

ಮೊದಲು ಪೂರ್ವಪಕ್ಷ. ದುಡ್ಡು ಕೊಟ್ಟು ಅಂಕಿಗಳ ಟಿಕೆಟ್ ಕೊಳ್ಳುತ್ತೇವೆ, ಕೂಗಿದ ಅಂಕಿಗೆ ಗುರುತು ಹಾಕುತ್ತೇವೆ. ಚೀಲದಿಂದ ಬರುವ ಅಂಕಿಯ ಮೇಲೆ ಯಾರಿಗೂ ಹಿಡಿತವಿಲ್ಲ. ಒಬ್ಬರಿಗೆ ಬಂದದ್ದು ಉಳಿದವರಿಂದ ಹೋದದ್ದೇ. ಆದ್ದರಿಂದ ಇದು ಜೂಜು. ಈ ವಾದವನ್ನು ಹೂಡುವವರು ಸಾಮಾನ್ಯವಾಗಿ ಆಗತಾನೆ ಸೋತವರು ಎಂಬುದನ್ನು ಗಮನಿಸಿ ಮುಂದೆ ಹೋಗೋಣ.

ಸಿದ್ಧಾಂತವೇನೆಂದರೆ, ಹೌಸಿ ಜೂಜಲ್ಲ. ಅದು ಕಾಲಿಟ್ಟ ದೇಶದಲ್ಲೆಲ್ಲ ಜೂಜೊಂದನ್ನು ಬಿಟ್ಟು ಬೇರೆ ಏನಾದರೂ ಆಗಿದೆ. ಜಿನೋವಾ ಗಣರಾಜ್ಯದಲ್ಲಿ ಅದು ರಾಜ್ಯಶಾಸ್ತ್ರವಾಗಿತ್ತು. 16ನೇ ಶತಮಾನದಲ್ಲಿ ಅಲ್ಲಿ ಆಡಳಿತ ಮಂಡಳಿಗೆ ಐವರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾರ ಹೆಸರು ಬಂದೀತೆಂದು ಜನ ಹಣ ಕಟ್ಟಿದರು. ಕಾಲಕ್ರಮೇಣ ಹೆಸರುಗಳು ಹೋಗಿ ಅಂಕಿಗಳು ಬಂದವು, ತೊಂಬತ್ತರಲ್ಲಿ ಐದು ಎತ್ತುವ ಲಾಟರಿ ನೆಲೆಗೊಂಡಿತು. ಮುಖಂಡರಿದ್ದ ಜಾಗದಲ್ಲಿ ಬರೀ ಅಂಕಿ ಇಟ್ಟರೂ ಯಾರಿಗೂ ಏನೂ ಕಡಿಮೆಯಾದಂತೆ ಅನ್ನಿಸಲಿಲ್ಲ. ಮೊದಲು ಐದು ಅಂಕಿ ಗುರುತಿಸಿದವರಿಗೆ ಸಲ್ಲುವ ನಮ್ಮ ‘ಅರ್ಲಿ ಫೈವ್’ ಬಹುಮಾನದಲ್ಲಿ ಆ ಐವರು ಆಡಳಿತಗಾರರ ಆತ್ಮ ನೆಲೆಸಿದೆ ಎಂಬುದು ಈ ಲೇಖಕನ ಊಹೆ. ಆಧಾರ ಕೇಳಬಾರದು.

ನೇಪಲ್ಸಿನಲ್ಲಿ ಅದು ಭಕ್ತಿಯಾಯಿತು. ಐತಿಹ್ಯದ ಪ್ರಕಾರ 1734ರಲ್ಲಿ ದೊರೆ ಚಾರ್ಲ್ಸ್‌ಗೂ ಗ್ರೆಗೋರಿಯೊ ಮಾರಿಯಾ ರೊಕ್ಕೊ ಎಂಬ ಡೊಮಿನಿಕನ್ ಪಾದ್ರಿಗೂ ಜಟಾಪಟಿಯಾಯಿತು. ದೊರೆಗೆ ಲಾಟರಿಯಿಂದ ಖಜಾನೆ ತುಂಬಬೇಕು; ಹೆಸರಲ್ಲೇ ರೊಕ್ಕ ಇಟ್ಟುಕೊಂಡ ಪಾದ್ರಿಗೆ ಅದು ಬೇಡ. ಕೊನೆಗೆ ರಾಜಿ: ವರ್ಷವಿಡೀ ಲಾಟರಿ ನಡೆಯಲಿ, ಕ್ರಿಸ್‌ಮಸ್ ವಾರದಲ್ಲಿ ಮಾತ್ರ ನಿಲ್ಲಲಿ. ಜನ ಆ ವಾರ ಸುಮ್ಮನೆ ಕೂತರೇ? ತೊಂಬತ್ತು ಅಂಕಿಗಳನ್ನು ಪುಟ್ಟ ಬೆತ್ತದ ಬುಟ್ಟಿಗೆ ಹಾಕಿ ಮನೆಯಲ್ಲೇ ಆಟ ಕಟ್ಟಿಕೊಂಡರು. ಟೊಂಬೋಲಾ ಹುಟ್ಟಿತು. ಇಂದಿಗೂ ದಕ್ಷಿಣ ಇಟಲಿಯಲ್ಲಿ ಅದಿಲ್ಲದೆ ಕ್ರಿಸ್‌ಮಸ್ ಕಳೆಯುವುದಿಲ್ಲ. ನಮ್ಮ ಸರ್ಕಾರವೂ ಹಿಂದೆ ತಾನೇ ಲಾಟರಿ ನಡೆಸಿ, 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ನಡುವೆ ಯಾವ ಪಾದ್ರಿಯೂ ಇರಲಿಲ್ಲ.

ನೇಪಲ್ಸಿನವರ ಮೇಧಾವಿತನ ಕಾಣುವುದು ಅವರ ಸ್ಮೋರ್ಫಿಯಾದಲ್ಲಿ. ಇದು ಕನಸನ್ನು ಅಂಕಿಗೆ ಇಳಿಸುವ ಕೋಶ. ಕನಸಿನಲ್ಲಿ ಹುಚ್ಚ ಬಂದರೆ 22, ಹೆಂಗಸರ ಕಾಲು ಕಂಡರೆ 77, ಭಯವಾದರೆ 90. ಸತ್ತವನು ಕಂಡರೆ 47. ಸತ್ತವನು ಮಾತಾಡಿದರೆ 48. ಈ ಸೂಕ್ಷ್ಮವನ್ನು ಗಮನಿಸಬೇಕು. ಗತಿಸಿದ ದೊಡ್ಡಪ್ಪ ಕನಸಿಗೆ ಬಂದು ಸುಮ್ಮನೆ ನಿಂತಿದ್ದರೋ, ಏನಾದರೂ ಅಂದರೋ ಎಂಬುದರ ಮೇಲೆ ಕುಟುಂಬದ ಆರ್ಥಿಕತೆ ನಿಂತಿದೆ. ನಮ್ಮಲ್ಲಿ ಹಲ್ಲಿ ಬಿದ್ದ ಫಲವನ್ನು ಅಂಗಾಂಗವಾರು ಪಂಚಾಂಗದ ಕೊನೆಯಲ್ಲಿ ಅಚ್ಚುಹಾಕಿಸಿದ ಪೂರ್ವಜರು ಅಂಕಿಯೊಂದನ್ನು ಸೇರಿಸಲು ಮರೆತದ್ದು ನಾಡಿಗಾದ ನಷ್ಟ.

ಜರ್ಮನರು 19ನೇ ಶತಮಾನದಲ್ಲಿ ಇದನ್ನೇ ಮಕ್ಕಳಿಗೆ ಮಗ್ಗಿ, ಕಾಗುಣಿತ ಕಲಿಸಲು ಬಳಸಿದರು. ಹೆಚ್ಚು ಹೇಳುವಂಥದ್ದಿಲ್ಲ, ಎಂಥ ಮೋಜನ್ನಾದರೂ ಪಾಠ ಮಾಡಬಲ್ಲ ಜನ.

ಬ್ರಿಟಿಷರ ಕೈಯಲ್ಲಿ ಹೌಸಿ ಶಿಸ್ತಾಯಿತು. ಸೈನ್ಯದಲ್ಲಿ ಬೇರೆ ಜೂಜುಗಳಿಗೆಲ್ಲ ನಿಷೇಧ, ಇದೊಂದಕ್ಕೆ ಮಾತ್ರ ಅನುಮತಿ. ಅಂಕಿಗಳಿಗೆ ಅಡ್ಡಹೆಸರು ಬಿದ್ದದ್ದೂ ಬಹುಮಟ್ಟಿಗೆ ಅಲ್ಲೇ. 22 ಎಂದರೆ ಜೋಡಿ ಬಾತುಕೋಳಿ, 88 ಎಂದರೆ ಇಬ್ಬರು ದಪ್ಪ ಹೆಂಗಸರು. 9ಕ್ಕೆ ‘ಡಾಕ್ಟರ ಆಜ್ಞೆ’ ಎನ್ನುತ್ತಾರೆ. ಸಿಪಾಯಿಗೆ ಏನೇ ಕಾಯಿಲೆಯಾದರೂ ಮಿಲಿಟರಿ ಡಾಕ್ಟರು ಕೊಡುತ್ತಿದ್ದ 9ನೇ ನಂಬರಿನ ಮಾತ್ರೆ ಭೇದಿಯದು. ಸಾಮ್ರಾಜ್ಯದ ಇತಿಹಾಸ ಹೀಗೆ ಮೂಲೆಮೂಲೆಯಲ್ಲಿ ಉಳಿದಿರುತ್ತದೆ. ತವರಿನಲ್ಲಿ ಜೂಜಿಗೆ ಸಡಿಲ ಕೊಟ್ಟ 1960ರ ಕಾಯ್ದೆ ಬಂದ ಮೇಲೆ ಅವರ ಸಿನಿಮಾ ಮಂದಿರಗಳೇ ಬಿಂಗೊ ಹಾಲ್‌ಗಳಾದವು; ಬಿಂಗೊ ಎಂದರೆ ಅಲ್ಲಿ ಹೌಸಿಯೇ. ಲಂಡನ್ನಿನ ಟೂಟಿಂಗ್‌ನಲ್ಲಿ ಇಗರ್ಜಿಯಂತೆ ಕೆತ್ತನೆ ಮಾಡಿಸಿದ ಗ್ರನಾಡಾ ಎಂಬ ಟಾಕೀಸು 1976ರಲ್ಲಿ ಇದೇ ದಾರಿ ಹಿಡಿಯಿತು. ನಮ್ಮಲ್ಲಾಗಿದ್ದರೆ ಕಲ್ಯಾಣಮಂಟಪವಾಗುತ್ತಿತ್ತು.

ಮಿಲಿಟರಿ ಮೆಸ್ಸಿನಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಕಿಟ್ಟಿ ಪಾರ್ಟಿಗೆ, ಅಲ್ಲಿಂದ ಅಪಾರ್ಟ್‌ಮೆಂಟಿನ ಸಮಿತಿಗೆ ಇಳಿದು ಬಂದ ಹೌಸಿ, ನಮ್ಮಲ್ಲಿ ‘ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಪದವಿ ಪಡೆಯಿತು. ಧರ್ಮರಾಯನಿಗೆ ಈ ಆಟ ಗೊತ್ತಿದ್ದರೆ ಹದಿನೆಂಟು ದಿನದ ಯುದ್ಧವೇ ನಡೆಯುತ್ತಿರಲಿಲ್ಲ. ಟಿಕೆಟ್ಟಿಗೆ ಇಪ್ಪತ್ತು ರೂಪಾಯಿ. ತಮ್ಮಂದಿರನ್ನಾಗಲಿ ಹೆಂಡತಿಯನ್ನಾಗಲಿ ಒತ್ತೆಯಿಡಲು ಅದರಲ್ಲಿ ಜಾಗವಿಲ್ಲ. ಶಕುನಿ ಹೆಚ್ಚೆಂದರೆ ಮೈಕ್ ಹಿಡಿದು ನಂಬರ್ ಕೂಗುತ್ತಿದ್ದ. ಆಗಲೂ ಹಿಂದಿನ ಸಾಲಿನಿಂದ ಯಾರಾದರೂ “ಸ್ವಲ್ಪ ಚೆನ್ನಾಗಿ ಕುಲುಕ್ರೀ, ಎಲ್ಲ ಎಂಬತ್ತರ ಮೇಲೇ ಬರ್ತಿದೆ” ಎಂದು ಗದರಿಸುತ್ತಿದ್ದರು.

ಕನ್ನಡದಲ್ಲಿ ಅಂಕಿ ಕೂಗುವ ಪ್ರಯೋಗ ನವೆಂಬರ್ ತಿಂಗಳಲ್ಲಿ ಅಲ್ಲಲ್ಲಿ ನಡೆಯುತ್ತದೆ. “ಎಪ್ಪತ್ತೊಂಬತ್ತು” ಎಂದರೆ ಮೂರನೇ ಸಾಲಿನ ಹುಡುಗಿ “ಅಂದ್ರೆ ಎಷ್ಟು ಅಂಕಲ್?” ಎನ್ನುತ್ತಾಳೆ, ಸೆವೆಂಟಿ ನೈನ್ ಎಂದ ಮೇಲೆ ಅವಳ ತಂದೆಯೂ ಟಿಕೆಟ್ ನೋಡಿಕೊಳ್ಳುತ್ತಾರೆ. ಅಡ್ಡಹೆಸರುಗಳಿಗೆ ನಮ್ಮಲ್ಲೇನೂ ಬರವಿಲ್ಲ. 24 ತೀರ್ಥಂಕರರು, 27 ನಕ್ಷತ್ರ, 60 ಅರಳುಮರಳು, 63 ಪುರಾತನರು, 64 ವಿದ್ಯೆ, 56 ಏಕೀಕರಣ, 73 ನಾಮಕರಣ, 21 ಗಣಪತಿಯ ಕಡುಬು. ತೊಡಕು ಬರುವುದು ವಿದ್ವತ್ತಿನಿಂದಲೇ. “ಪರ್ವಗಳೆಷ್ಟು? ಹದಿನೆಂಟು!” ಎಂದು ಕೂಗಿದ ತಕ್ಷಣ ನಿವೃತ್ತ ಮೇಷ್ಟ್ರೊಬ್ಬರು ಎದ್ದು, ಪುರಾಣಗಳೂ ಹದಿನೆಂಟು, ಗೀತೆಯ ಅಧ್ಯಾಯಗಳೂ ಹದಿನೆಂಟು, ಪರ್ವವನ್ನೇ ಏಕೆ ಹಿಡಿದಿರಿ ಎಂದು ಕೇಳುತ್ತಾರೆ. ಆಟ ಅಲ್ಲಿಗೆ ನಿಲ್ಲುತ್ತದೆ, ಪಲಾವ್ ಆರುತ್ತದೆ.

ಇನ್ನು ಗಣಿತ. ಟಿಕೆಟ್ಟಿನಲ್ಲಿ 27 ಮನೆ, ಅದರಲ್ಲಿ 15 ಅಂಕಿ, ಸಾಲಿಗೆ ಐದರಂತೆ. ಒಂದು ಟಿಕೆಟ್ಟಿನ ಹದಿನೈದೂ ಅಂಕಿ ಮುಗಿಯಲು ಸರಾಸರಿ 85 ಅಂಕಿ ಕೂಗಬೇಕಾಗುತ್ತದೆ. ಎಂದರೆ ಬುಟ್ಟಿ ಬಹುತೇಕ ಬರಿದಾಗುವ ತನಕ ಕಾಯಬೇಕು, ಅಷ್ಟರೊಳಗೆ ಪಕ್ಕದ ಬ್ಲಾಕಿನವರು “ಹೌಸ್!” ಎಂದು ಕಿರುಚಿರುತ್ತಾರೆ. ಆರು ಟಿಕೆಟ್ಟಿನ ಇಡೀ ಹಾಳೆ ಕೊಂಡವರ ಪಾಡು ಇನ್ನೂ ವಿಚಿತ್ರ. ಒಂದರಿಂದ ತೊಂಬತ್ತರವರೆಗಿನ ಎಲ್ಲ ಅಂಕಿಗಳೂ ಆ ಹಾಳೆಯಲ್ಲಿ ಒಂದೊಂದು ಸಲ ಇರುತ್ತವೆ. ಕೂಗಿದ ಪ್ರತಿ ಅಂಕಿಯೂ ಅವರದೇ, ಗುರುತು ಹಾಕಿ ಹಾಕಿ ಕೈ ಸೋಲುತ್ತದೆ, ಕೊನೆಗೂ ಏನೂ ಬರುವುದಿಲ್ಲ. ಹುಣಸೆಬೀಜ ಇಟ್ಟು ಆಡುವವರಿಗೆ ಬೀಜವೂ ಸಾಲುವುದಿಲ್ಲ.

ಅಮೆರಿಕದಲ್ಲೂ ಮೊದಲಿಗೆ ಬೀಜವೇ. 1929ರ ಸುಮಾರಿಗೆ ಎಡ್ವಿನ್ ಲೋ ಎಂಬ ಆಟಿಕೆ ವ್ಯಾಪಾರಿ ಜಾರ್ಜಿಯಾದ ಜಾತ್ರೆಯೊಂದರಲ್ಲಿ ಜನ ಹುರುಳಿಕಾಯಿಯ ಬೀಜ ಇಟ್ಟು ಆಡುವುದನ್ನು ಕಂಡು, ನ್ಯೂಯಾರ್ಕಿಗೆ ಬಂದು ಬಿಂಗೊ ಎಂದು ಮಾರಿದ. ಅಲ್ಲಿ ಐದೈದು ಮನೆಯ ಕಾರ್ಡು, 75 ಅಂಕಿ. ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿಯ ಪಾದ್ರಿಯೊಬ್ಬರು ಇಗರ್ಜಿಗೆ ಹಣ ಕೂಡಿಸಲು ಆಟ ಇಟ್ಟರೆ, ಕಾರ್ಡುಗಳು ಒಂದೇ ತೆರನಾಗಿದ್ದು ಪ್ರತಿ ಸಲವೂ ಹಲವರು ಒಟ್ಟಿಗೇ ಗೆಲ್ಲತೊಡಗಿದರು. ಲೋ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತಜ್ಞ ಕಾರ್ಲ್ ಲೆಫ್ಲರ್‌ರನ್ನು ಹಿಡಿದು, ಒಂದರಂತೆ ಒಂದಿಲ್ಲದ 6000 ಕಾರ್ಡು ಮಾಡಿಕೊಡಿ ಎಂದ. ಅವರು ಮಾಡಿಕೊಟ್ಟರು, ಆಮೇಲೆ ಅವರಿಗೆ ತಲೆ ಕೆಟ್ಟಿತೆಂದು ದಂತಕಥೆ.

ಇದೇ ಸಮಸ್ಯೆಯನ್ನು ನಮ್ಮ ಸಮಿತಿಗಳು ಯಾವ ಪ್ರೊಫೆಸರರನ್ನೂ ಕೆಡಿಸದೆ ಬಗೆಹರಿಸಿವೆ. ಫುಲ್ ಹೌಸಿಗೆ ಮೂವರು ಒಟ್ಟಿಗೆ ಕೂಗಿದಾಗ ಮೊದಲು ಮೂರೂ ಟಿಕೆಟ್ ಪರಿಶೀಲಿಸಿ ಕನಿಷ್ಠ ಒಂದನ್ನು ಬೋಗಿ, ಅಂದರೆ ತಪ್ಪು ಕೂಗು, ಎಂದು ಸಾರಬೇಕು. ಬಹುಮಾನ ದುಡ್ಡಾದರೆ ಹಂಚಬಹುದು, ಆದರೆ ಆಗ ಅದು ಜೂಜಾಗುತ್ತದೆ, ಆದ್ದರಿಂದ ಕುಕ್ಕರ್. ಮೂರನ್ನೂ ಸರಿಯೆಂದು ಒಪ್ಪಬೇಕಾಗಿ ಬಂದರೆ ಕುಕ್ಕರ್ ಹಿರಿಯರಿಗೆ, ಗ್ಯಾಸ್ಕೆಟ್ ಎರಡನೆಯವರಿಗೆ, ವಿಶಲ್ ಮೂರನೆಯವರಿಗೆ ಎಂಬ ಮತವೊಂದಿದೆ. ಖಜಾಂಚಿಗಳ ಸಂಪ್ರದಾಯ ಬೇರೆ: ಮೂವರಿಗೂ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟು, ಕುಕ್ಕರನ್ನು ಯುಗಾದಿಗೆ ಎತ್ತಿಡುವುದು.