ಕೈಯಿಂದ ತುಳಿಯುವ ಪೆಡಲು

ವಾದ್ಯದ ಅಂಗಡಿಯಲ್ಲಿ ಗಿಟಾರಿನ ದನಿ ಬದಲಿಸುವ ಪೆಡಲ್ ಪರೀಕ್ಷಿಸಲು ಕಿವಿ ಚುರುಕಾಗಿದ್ದರೆ ಸಾಲದು, ಮುಖವೂ ಗಟ್ಟಿಯಿರಬೇಕು. ಪೆಡಲು ತಾನಾಗಿ ಸದ್ದು ಮಾಡುವುದಿಲ್ಲ. ಯಾರಾದರೂ ಗಿಟಾರ್ ನುಡಿಸಬೇಕು, ಆ ಯಾರಾದರೂ ಅಂದರೆ ನಾವೇ. ಪಕ್ಕದ ಸ್ಟೂಲಿನಲ್ಲಿ ಮೀಸೆ ಚಿಗುರದ ಹುಡುಗನೊಬ್ಬ ಕಣ್ಣು ಮುಚ್ಚಿಕೊಂಡು ಎಗ್ಗಿಲ್ಲದೆ ಬೆರಳಾಡಿಸುತ್ತಿರುತ್ತಾನೆ. ಅವನೆದುರು ನಮ್ಮ ಜಿ ಮೇಜರ್ ಕಾರ್ಡು! "ಇನ್ನೊಂದು ತೋರಿಸ್ಲಾ ಸಾರ್?" ಎಂದು ಅಂಗಡಿಯವನು ಕೇಳುವ ಧಾಟಿಯಲ್ಲೇ "ಮುಗೀತಾ ಸಾರ್?" ಅಡಗಿರುತ್ತದೆ.

ಆನ್‌ಲೈನ್ ಡೆಮೊಗಳು ನಮ್ಮಂಥವರ ಮಾನ ಕಾಯುತ್ತವೆ. ನುಡಿಸುವ ಕಷ್ಟವನ್ನು ಬಲ್ಲವರಾರೋ ಮೊದಲೇ ಮುಗಿಸಿಟ್ಟಿರುತ್ತಾರೆ. ಪರದೆಯ ಮೇಲಿನ ಪೆಡಲಿನ ನಾಬ್ ತಿರುಗಿಸುವುದಷ್ಟೇ ನಮ್ಮ ಕೆಲಸ. ಅದನ್ನೂ ದುಂಡಗೆ ತಿರುಗಿಸಹೋದರೆ ಸೊನ್ನೆಯಿಂದ ಹತ್ತಕ್ಕೆ ನೆಗೆದುಬಿಡುವುದುಂಟು. ಮೌಸ್ ಒತ್ತಿ ನೆಟ್ಟಗೆ ಮೇಲಕ್ಕೆಳೆಯಬೇಕು. ಕೆಲವು ಕಡೆ ಸಾಫ್ಟ್‌ವೇರು ಸರ್ಕ್ಯೂಟನ್ನು ಅನುಕರಿಸುತ್ತದೆ. ಕೆಲವು ಕಡೆ ನಿಜವಾದ ಪೆಡಲಿನಲ್ಲೇ ಒಂದೊಂದು ಸ್ಥಾನಕ್ಕೂ ಬೇರೆ ಬೇರೆ ರೆಕಾರ್ಡ್ ಮಾಡಿರುತ್ತಾರೆ. ಮೂರು ನಾಬು, ಒಂದೊಂದಕ್ಕೂ ಐದೇ ಸ್ಥಾನ ಅಂದರೂ 125 ರೆಕಾರ್ಡಿಂಗ್. ಒಂದೇ ತುಣುಕನ್ನು ಅಷ್ಟು ಸಲ ಕೇಳಿದ ಪುಣ್ಯಾತ್ಮ ಈಗ ಗಿಟಾರ್ ಕಂಡರೆ ರಸ್ತೆ ದಾಟಿ ಹೋಗುತ್ತಾನೇನೋ.

ಇನ್ನೊಂದು ಅನುಕೂಲವಿದೆ. ಪೆಡಲನ್ನು ಕಾಲಿನಿಂದ ಒತ್ತಬೇಕು. ವಾದ್ಯಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ಇದೇನೋ ಕಸಿವಿಸಿ. ಪರದೆಯ ಮೇಲೆ ಬೆರಳಲ್ಲೇ ತುಳಿಯಬಹುದು, ಸರಸ್ವತಿಗೂ ಬೇಸರವಿಲ್ಲ.

ಬೇಸರವಿದ್ದರೆ ನನ್ನವಳಿಗೆ. ದನಿಯನ್ನು ಗೊರಗೊರ ಎನಿಸುವ ಫಝ್ ಪೆಡಲು ಹಾಕಿ ಕೂತಾಗ ಒಳಗಿನಿಂದ, "ರೀ, ರೇಡಿಯೊ ಸ್ಟೇಷನ್ನು ಸರಿಯಾಗಿ ಸಿಕ್ಕಿಲ್ಲ ನೋಡಿ" ಎಂದಳು. ಅವಳ ಕಿವಿ ತಪ್ಪೇನಲ್ಲ. ಫಝ್ ಹುಟ್ಟಿದ್ದೇ ಕೆಟ್ಟ ಯಂತ್ರದಿಂದ. ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ ಮಾರ್ಟಿ ರಾಬಿನ್ಸ್ ಹಾಡೊಂದನ್ನು ರೆಕಾರ್ಡ್ ಮಾಡುವಾಗ ಮಿಕ್ಸರಿನ ಒಂದು ಚಾನೆಲ್ ಕೈಕೊಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಬೇಸ್ ಗಿಟಾರು ಗೊರಗೊರ ಎಂದಿತು. ಅದನ್ನು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಡಬ್ಬಿಗೆ ತುಂಬಿದ. 1962ರಲ್ಲಿ ಅದು ಮೇಸ್ಟ್ರೊ ಫಝ್-ಟೋನ್ ಎಂದು ಮಾರುಕಟ್ಟೆಗೆ ಬಂತು. 1965ರಲ್ಲಿ ಅದನ್ನೇ ಬಳಸಿದ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಬಂದ ಮೇಲೆ ಅದನ್ನು ಹಿಡಿಯುವವರೇ ಇಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆ ದಾರ ಸಿಕ್ಕಿಸಿ ಝೇಂಕಾರ ಬರಿಸುವ ನಾವು ಇದಕ್ಕೆ ಮೂಗು ಮುರಿಯುವ ಹಾಗೂ ಇಲ್ಲ. ಹೀಗೆಂದು ವಿವರಿಸಿದೆ. "ದಾರ ಹಾಕಿದ್ಮೇಲೆ ಅವರು ಹಾಡ್ತಾರೆ, ನೀವು ತಿರುಗಿಸ್ತಾನೇ ಇದೀರಿ" ಎಂದಳು.

ತಿರುಗಿಸುವುದರಲ್ಲೂ ಎಚ್ಚರ ಬೇಕು. ಹಸಿರು ಬಣ್ಣದ ಟ್ಯೂಬ್ ಸ್ಕ್ರೀಮರ್ ಪೆಡಲಿನಲ್ಲಿ ಡಯೋಡುಗಳು ಅಲೆಯ ತುದಿಯನ್ನು ಮೆಲ್ಲಗೆ ಉರುಟು ಮಾಡುತ್ತವೆ. ಆಹಾ ಎಂದುಕೊಳ್ಳುವ ಮುಂಚೆ ಲೆವೆಲ್ ನಾಬ್ ನೋಡಿ. ಸದ್ದು ಒಂದಿಷ್ಟು ಏರಿದರೂ ಸಾಕು, ಕಿವಿ ಅದನ್ನೇ ಒಳ್ಳೆಯ ದನಿ ಎಂದು ಷರಾ ಬರೆಯುತ್ತದೆ. ಪೆಡಲ್ ಇದ್ದಾಗ, ಇಲ್ಲದಿದ್ದಾಗ ಸದ್ದನ್ನು ಸರಿಸಮ ಮಾಡಿಕೊಂಡು ಹೋಲಿಸಿದರೆ ಎಷ್ಟೋ ಆಹಾಗಳು ಅಲ್ಲೇ ಆರುತ್ತವೆ. ಆದರೂ ಡೆಮೊದಲ್ಲಿ ದಕ್ಕದ್ದು ಒಂದಿದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ಈ ಪೆಡಲುಗಳ ದನಿ ತಿಳಿಯಾಗುತ್ತದೆ, ಬಿರುಸಾಗಿ ಮೀಟಿದರೆ ಒರಟಾಗುತ್ತದೆ. ಆ ಮೀಟು ರೆಕಾರ್ಡ್ ಮಾಡಿದವನದು, ನಮ್ಮದಲ್ಲ. ಎಂಎಕ್ಸ್‌ಆರ್ ಫೇಸ್ 90ಕ್ಕೆ ಇರುವುದೇ ಒಂದು ನಾಬು, ವೇಗದ್ದು. ಅದೊಂದೇ ನನ್ನಂಥವರನ್ನು ಬೇಗ ಮಲಗಲು ಕಳಿಸುವ ಪೆಡಲು.

ಕ್ಲಾನ್ ಸೆಂಟಾರ್ ಮಾತ್ರ ಕಳಿಸುವುದಿಲ್ಲ. 1994ರಿಂದ ಬಿಲ್ ಫಿನ್ನೆಗನ್ ಕೈಯಾರೆ ಜೋಡಿಸಿದ್ದು ಸುಮಾರು 8,000. ಯಾರೂ ನಕಲು ಮಾಡದಿರಲೆಂದು ಸರ್ಕ್ಯೂಟಿನ ಮೇಲೆ ಎಪಾಕ್ಸಿ ಸುರಿದಿದ್ದ. ನಕಲೇನೋ ಬೇಕಾದಷ್ಟು ಬಂತು. ಅಸಲಿಗೆ ಈಗ ಲಕ್ಷಗಟ್ಟಲೆ ರೂಪಾಯಿ. ಅಸಲಿ, ನಕಲು ಎರಡರ ಡೆಮೊಗಳನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು, ಹೆಡ್‌ಫೋನ್ ಹಾಕಿ, ರಾತ್ರಿ ಬಹಳ ಹೊತ್ತು ಕೇಳಿದೆ. ಅಸಲಿಯೇ ಮೇಲು ಎಂದು ಖಚಿತವಾಯಿತು. ಆಮೇಲೆ ನೋಡಿದರೆ ಅದರ ಲೆವೆಲ್ ಎರಡು ಗೆರೆ ಮೇಲಿತ್ತು.