ಅಯ್ಯೋ, ಗೊತ್ತಿತ್ತಲ್ಲ!

ಶನಿವಾರ ಕಾಲೇಜಿನಲ್ಲಿ ಕ್ವಿಜ್. ಪ್ರಶ್ನೆ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಹಾಳೆ ಹಿಡಿದು ಹಿತ್ತಲಿಗೆ ಬಂದರೆ, ಬೇಲಿಯಾಚೆ ಪಕ್ಕದ ಮನೆ ಅಕ್ಕ ಬಟ್ಟೆ ಒಣಹಾಕುತ್ತಿದ್ದರು.

“ಅಕ್ಕಾ, ಶಿವನಸಮುದ್ರದಲ್ಲಿ ಕರೆಂಟು ತಯಾರಾಗೋಕೆ ಶುರುವಾಗಿದ್ದು ಯಾವ ವರ್ಷ?”

“ನಂಗೇನು ಗೊತ್ತು ಮೇಷ್ಟ್ರೇ” ಎಂದು ಸೀರೆ ಕೊಡವಿದರು.

“ಹೋಗಲಿ, ಹೀಗೆ ಕೇಳ್ತೀನಿ. ಅದು 1902. ಆ ಕರೆಂಟನ್ನ ಮೊದಲು ಮೈಸೂರಿಗೂ ಕೊಡಲಿಲ್ಲ, ಬೆಂಗಳೂರಿಗೂ ಕೊಡಲಿಲ್ಲ. ಸುಮಾರು 150 ಕಿಲೋಮೀಟರ್ ತಂತಿ ಎಳೆದು ಬೇರೆ ಊರಿಗೆ ಒಯ್ದರು. ಅಲ್ಲಿ ಕೆಲಸ ನಡೀತಿದ್ದಿದ್ದು ನೆಲದಡಿ. ಎಷ್ಟು ಖರ್ಚಾದರೂ ಗಿಟ್ಟೋ ಅಂಥ ಕೆಲಸ. ಯಾವ ಊರು?”

ಕೈಯಲ್ಲಿದ್ದ ಕ್ಲಿಪ್ಪು ಕೈಯಲ್ಲೇ ಉಳಿಯಿತು. “ನೆಲದಡಿ ಅಂದ್ರೆ... ಚಿನ್ನಾನಾ? ಕೋಲಾರದ ಗಣಿ!”

ಅವರ ಮುಖ ಅರಳಿದ್ದು ನೋಡಬೇಕಿತ್ತು. ಸಂಗತಿ ಎರಡು ಸಲವೂ ಒಂದೇ. ಮೊದಲ ಪ್ರಶ್ನೆ ನೆನಪಿನ ಬಾಗಿಲು ತಟ್ಟಿ, ತೆರೆಯದಿದ್ದರೆ ಹೊರಟುಹೋಗುತ್ತದೆ. ಎರಡನೆಯದಕ್ಕೆ ಯೋಚಿಸುವವರು ಒಳಗೆ ಬರಲು ಒಂದು ಕಿಟಕಿಯಾದರೂ ಇದೆ. ಉತ್ತರ ಎಲ್ಲರೂ ಕೇಳಿದ ಹೆಸರಾಗಿರಲಿ, ದಾರಿ ಮಾತ್ರ ಹೊಸದಿರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಉತ್ತರ ಹೇಳಿದಾಗ ಸಭಾಂಗಣದಲ್ಲಿ “ಅಯ್ಯೋ, ಗೊತ್ತಿತ್ತಲ್ಲ!” ಎಂಬ ಉದ್ಗಾರ ಎದ್ದರೆ ಪ್ರಶ್ನೆ ಗೆದ್ದಿತು. “ಓಹೋ, ಇರಬಹುದು” ಎಂದು ಸುಮ್ಮನಾದರೆ ಸೋತಿತು.

ಒಮ್ಮೆ ಒಂದು ಕ್ವಿಜ್‌ನಲ್ಲಿ ತಾಲ್ಲೂಕು ಕಾಲೇಜಿನ ಇಬ್ಬರು ಹುಡುಗಿಯರು ನಸುಕಿನ ಬಸ್ಸು ಹಿಡಿದು ಬಂದಿದ್ದರು. ಪ್ರಿಲಿಮ್ಸ್‌ನ 30 ಪ್ರಶ್ನೆಗಳಲ್ಲಿ ಅವರಿಗೆ ಬಂದದ್ದು ಎರಡು. ಅರ್ಧಕ್ಕರ್ಧ ವಿದೇಶಿ ಧಾರಾವಾಹಿಗಳು, ಕಂಪನಿಗಳ ಲೋಗೋಗಳು. ಊಟಕ್ಕೂ ನಿಲ್ಲದೆ ಹೊರಟರು. ಆ ಮಕ್ಕಳು ದಡ್ಡರಾಗಿರಲಿಲ್ಲ. ಅವರು ಬಲ್ಲ ಲೋಕದಿಂದ ಹೆಚ್ಚೇನನ್ನೂ ಯಾರೂ ಕೇಳಿರಲಿಲ್ಲ. ಅವರ ಉತ್ತರದ ಹಾಳೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ.

ಹಾಗೆಂದು ಎಲ್ಲವನ್ನೂ ಸುಲಭ ಮಾಡಿದರೂ ಅನ್ಯಾಯವೇ. ಪ್ರಿಲಿಮ್ಸ್ ದಾಟಿ ವೇದಿಕೆಗೆ ಹೋಗುವುದು ಆರು ತಂಡ. ಎಲ್ಲರಿಗೂ 26 ಬಂದರೂ, ಎಲ್ಲರಿಗೂ 4 ಬಂದರೂ ಆರನೆಯವರು ಯಾರು, ಏಳನೆಯವರು ಯಾರು ಎಂದು ಹೇಳುವುದು ಹೇಗೆ? ಟೈ ಬಿಡಿಸಲು ನಕ್ಷತ್ರ ಹಾಕಿದ ಪ್ರಶ್ನೆಗಳಿರುತ್ತವೆ, ನಿಜ. ಎಲ್ಲ ಭಾರವನ್ನೂ ಅವುಗಳ ಮೇಲೆ ಹೇರಲಾಗದು. ಅದಕ್ಕೇ ಹತ್ತು ಪ್ರಶ್ನೆ ಹೊಸಬರ ಕೈಗೂ ಎಟುಕುವಂತೆ, ನಾಲ್ಕೈದು ಪಳಗಿದವರಿಗೂ ಬೆವರಿಳಿಯುವಂತೆ, ಮಿಕ್ಕವು ನಡುವೆ. ಅಮೆರಿಕದ ಕಾಲೇಜುಗಳ ಕ್ವಿಜ್‌ಬೌಲ್‌ನಲ್ಲಿ ಈ ಏರಿಳಿತವನ್ನು ಒಂದೇ ಪ್ರಶ್ನೆಯೊಳಗೆ ತರುತ್ತಾರೆ: ಮೊದಲು ಕಠಿಣ ಸುಳಿವು, ಬರಬರುತ್ತಾ ಸುಲಭದ್ದು, ಹೆಚ್ಚು ಬಲ್ಲವರು ಓದು ಮುಗಿಯುವ ಮುಂಚೆಯೇ ಬಜರ್ ಒತ್ತುತ್ತಾರೆ. ಚೆಂದದ ಏರ್ಪಾಡು. ಕಾಗದದ ಮೇಲೆ ಬರೆಸುವ ನಮ್ಮ ಪ್ರಿಲಿಮ್ಸ್‌ಗೆ ಅದು ಒಗ್ಗದು.

“ಇನ್ನೊಂದು ಕೇಳಿ” ಎಂದರು ಅಕ್ಕ, ಬಕೆಟ್ಟು ಕೆಳಗಿಟ್ಟು.

“ಮೊದಲನೇ ಮಹಾಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಒಂದು ಸರಕು ಯೂರೋಪಿಗೆ ಹೋಗದೆ ಇಲ್ಲೇ ರಾಶಿ ಬಿತ್ತು. ಅದನ್ನ ಏನು ಮಾಡೋದು ಅನ್ನೋ ಯೋಚನೆಯಿಂದ ಹುಟ್ಟಿದ ವಸ್ತು ಈಗಲೂ ಅಂಗಡೀಲಿದೆ. ಯಾವುದು?”

“ಕಾಫಿ?”

“ಅಲ್ಲ.”

“ರೇಷ್ಮೆ?”

ಅಲ್ಲವೆಂದು ತಲೆಯಾಡಿಸಿದೆ. ಬಚ್ಚಲುಮನೆ ಎಂಬ ಸುಳಿವೂ ಹಾಳೆಯಲ್ಲಿತ್ತು. ಅದನ್ನು ಬಿಟ್ಟುಕೊಟ್ಟರೆ ಪ್ರಶ್ನೆಯೇ ಮುಗಿಯಿತು. ಕೊಡಲಿಲ್ಲ. ಅವರು ಗೊಣಗುತ್ತಾ ಒಳಗೆ ಹೋದರು. ನಾನೂ ಬಂದು ಕಾಫಿಗೆ ಕೂತೆ.

ಕಾಲು ಗಂಟೆಯಾಗಿರಬೇಕು, ಬೇಲಿಯ ಕಡೆಯಿಂದ ಕೂಗು: “ಮೇಷ್ಟ್ರೇ! ಗಂಧದ ಸೋಪು! ಮೈಸೂರ್ ಸ್ಯಾಂಡಲ್!”

ಬಚ್ಚಲುಮನೆಯ ಸುಳಿವನ್ನು ಹೊಡೆದುಹಾಕಿ, ಪ್ರಶ್ನೆಯನ್ನು ಹದಿನಾಲ್ಕನೆಯ ಜಾಗಕ್ಕೆ ಬರೆದುಕೊಂಡೆ.